ದೂರವಾಣಿಯ ಗಣಿತಜ್ಞ ಎರ್ಲಾಂಗ್

ಅರವತ್ತು ದಾಟಿದ ಮಂಗಳೂರಿನವರಿಗೆ ಟ್ರಂಕ್ ಕಾಲ್ ಎಂಬ ಮಾತು ಇನ್ನೂ ನೆನಪಿದೆ. ಮುಂಬಯಿಯಲ್ಲಿರುವ ಬಂಧುಗಳೊಡನೆ ಮಾತನಾಡಬೇಕಾದರೆ ದೂರವಾಣಿ ಕೇಂದ್ರದ ಆಪರೇಟರರಿಗೆ ಸಂಖ್ಯೆಯನ್ನು ತಿಳಿಸಿ, ನಮ್ಮ ಸರದಿ ಬರುವವರೆಗೆ ಕಾಯುತ್ತ ಕುಳಿತಿರಬೇಕಾಗಿತ್ತು. ಕರೆಗಳಲ್ಲಿ ಆರ್ಡಿನರಿ, ಅರ್ಜೆಂಟ್, ಲೈಟ್ನಿಂಗ್ ಎಂದು ಮೂರು ದರ್ಜೆಗಳಿದ್ದವು. ಹೆಚ್ಚು ಹಣ ತೆತ್ತವನ ಕರೆ ಮುಂದಕ್ಕೆ ಹೋಗುತ್ತಿತ್ತು; ಉಳಿದವರ ಕರೆ ಅಷ್ಟಷ್ಟೇ ಹಿಂದಕ್ಕೆ ಸರಿಯುತ್ತಿತ್ತು.

ನಮ್ಮ ಅಜ್ಜಿಯ ಕಾಯಿಲೆ ಉಲ್ಬಣಿಸಿದ ದಿನ ನನ್ನ ತಂದೆ ಮುಂಬಯಿಯ ಹೋಟೆಲೊಂದರಲ್ಲಿ ಕೆಲಸಕ್ಕಿದ್ದ ಅಣ್ಣನಿಗೆ ಸಂಜೆ ನಾಲ್ಕು ಗಂಟೆಗೆ ಅರ್ಜೆಂಟ್ ಕರೆ ಕಾದಿರಿಸಿದರು. ದೂರವಾಣಿ ಇದ್ದದ್ದು ನೆರೆಮನೆಯಲ್ಲಿ. ಅವರ ಜಗಲಿಯಲ್ಲಿ ರಾತ್ರಿಯಿಡೀ ಕುಳಿತೆವು. ಸಂಪರ್ಕ ದೊರೆತಾಗ ಬೆಳಗಿನ ಐದು ಗಂಟೆ. ಕೊಂಕಣ ರೈಲು ಇನ್ನೂ ಬಾರದಿದ್ದ ಕಾಲ ಅದು. ಅಣ್ಣ ಬಸ್ಸು ಹಿಡಿದು ಊರು ಮುಟ್ಟುವಷ್ಟರಲ್ಲಿ ಎಲ್ಲವೂ ಮುಗಿದುಹೋಗಿತ್ತು. ಹುಡುಗನಾಗಿದ್ದ ನನಗೆ ಕಾಣದ ಆ ಆಪರೇಟರರ ಮೇಲೆ ಬಹಳ ಸಿಟ್ಟು ಬಂದಿತ್ತು. ಅವರ ತಪ್ಪು ಏನೂ ಇರಲಿಲ್ಲವೆಂಬುದು ತಿಳಿದದ್ದು ಎಷ್ಟೋ ವರ್ಷಗಳ ಮೇಲೆ. ಮಾತನಾಡುವವರು ಅನೇಕರು, ತಂತಿಗಳು ಕೆಲವೇ. ಹಾಗಾದರೆ ಎಷ್ಟು ತಂತಿಗಳಿದ್ದರೆ ಸಾಕು? ಇದಕ್ಕೆ ಲೆಕ್ಕವುಂಟೆ? ಉಂಟು. ನಾನು ಹುಟ್ಟುವುದಕ್ಕೆ ನಾಲ್ಕು ದಶಕಗಳ ಮೊದಲೇ ಡೆನ್ಮಾರ್ಕಿನ ಒಬ್ಬ ಉಪಾಧ್ಯಾಯನ ಮಗ ಆ ಲೆಕ್ಕವನ್ನು ಮಾಡಿ ಮುಗಿಸಿದ್ದನು.

ಅವನ ಹೆಸರು ಅಗ್ನರ್ ಕ್ರಾರುಪ್ ಎರ್ಲಾಂಗ್. 1878ರ ಜನವರಿ 1ರಂದು ಡೆನ್ಮಾರ್ಕಿನ ಜಟ್ಲೆಂಡ್ ಪ್ರಾಂತದ ಲೋನ್‌ಬೋರ್ಗ್ ಎಂಬ ಹಳ್ಳಿಯಲ್ಲಿ ಹುಟ್ಟಿದನು. ತಂದೆ ಹಾನ್ಸ್ ನೀಲ್ಸನ್ ಎರ್ಲಾಂಗ್ ಆ ಹಳ್ಳಿಯ ಶಾಲೆಯ ಉಪಾಧ್ಯಾಯ. ತಾಯಿ ಮಗ್ದಲೀನೆ ಪಾದ್ರಿಗಳ ಮನೆತನದಿಂದ ಬಂದವಳು. ತ್ರಿಕೋನಮಿತಿಯಲ್ಲಿ ನೀವು ಕಲಿಯಲಿರುವ ಟ್ಯಾಂಜೆಂಟ್, ಸೀಕೆಂಟ್ ಎಂಬ ಹೆಸರುಗಳನ್ನು ಬಳಕೆಗೆ ತಂದ ಥಾಮಸ್ ಫಿಂಕೆ ಎಂಬ ಗಣಿತಜ್ಞ ಆಕೆಯ ಪೂರ್ವಜರಲ್ಲಿ ಒಬ್ಬನು. ಮನೆಯಲ್ಲಿ ಅಣ್ಣ ಫ್ರೆಡರಿಕ್ ಮತ್ತು ಇಬ್ಬರು ತಂಗಿಯರು. ಮಕ್ಕಳೆಲ್ಲರ ಮೊದಲ ಪಾಠ ತಂದೆಯ ಶಾಲೆಯಲ್ಲಿಯೇ.

ಸಂಜೆಯ ಹೊತ್ತು ಅಣ್ಣ ಪುಸ್ತಕವನ್ನು ಮೇಜಿನ ಮೇಲೆ ತನ್ನ ಕಡೆಗೆ ತೆರೆದಿಟ್ಟುಕೊಂಡು ಓದುತ್ತಿದ್ದನು. ತಮ್ಮ ಮೇಜಿನ ಆಚೆ ಬದಿಯಲ್ಲಿ ಕುಳಿತು ಅದೇ ಪುಟವನ್ನು ತಲೆಕೆಳಗಾಗಿ ಓದುತ್ತಿದ್ದನು! ಒಂದೇ ಪುಸ್ತಕವನ್ನು ಇಬ್ಬರು ಏಕಕಾಲಕ್ಕೆ ಬಳಸುವ ಉಪಾಯವನ್ನು ಹುಡುಗ ಆಗಲೇ ಕಂಡುಕೊಂಡಿದ್ದನೆಂದು ನಾವು ವಿನೋದಕ್ಕಾಗಿ ಹೇಳಬಹುದು. ಅವನಿಗೆ ಎಲ್ಲಕ್ಕಿಂತ ಪ್ರಿಯವಾದದ್ದು ಖಗೋಳಶಾಸ್ತ್ರ. ಆಕಾಶದ ವಿಷಯಗಳನ್ನು ಕುರಿತು ಪದ್ಯಗಳನ್ನು ಕಟ್ಟುವ ಅಭ್ಯಾಸವೂ ಇತ್ತು.

ಹದಿನಾಲ್ಕನೆಯ ವಯಸ್ಸಿನಲ್ಲಿ, ಅಂದರೆ ನಿಮ್ಮ ವಯಸ್ಸಿನಲ್ಲಿ, ಕೋಪನ್‌ಹೇಗನ್ ವಿಶ್ವವಿದ್ಯಾನಿಲಯದ ಪೂರ್ವಭಾವಿ ಪರೀಕ್ಷೆಗೆ ಕುಳಿತನು. ವಯಸ್ಸು ಸಾಲದೆಂದು ವಿಶೇಷ ಅನುಮತಿ ಪಡೆಯಬೇಕಾಯಿತು. ಉನ್ನತ ದರ್ಜೆಯಲ್ಲಿ ತೇರ್ಗಡೆಯಾದನು. ಆದರೆ ಕೂಡಲೇ ಮುಂದಕ್ಕೆ ಓದಲು ಹೋಗಲಿಲ್ಲ. ಊರಿಗೆ ಮರಳಿ ಎರಡು ವರ್ಷ ತಂದೆಯ ಶಾಲೆಯಲ್ಲಿ ಸಹಾಯಕ ಉಪಾಧ್ಯಾಯನಾಗಿದ್ದು, ಬಿಡುವಿನಲ್ಲಿ ಲ್ಯಾಟಿನ್ ಮತ್ತು ಫ್ರೆಂಚ್ ಭಾಷೆಗಳನ್ನು ಕಲಿತನು. ಅನಂತರ ಪ್ರವೇಶ ಪರೀಕ್ಷೆಯನ್ನು ಮುಗಿಸಿ, 1896ರಲ್ಲಿ ವಿದ್ಯಾರ್ಥಿವೇತನದ ನೆರವಿನಿಂದ ವಿಶ್ವವಿದ್ಯಾನಿಲಯವನ್ನು ಸೇರಿದನು. 1901ರಲ್ಲಿ ಗಣಿತವನ್ನು ಮುಖ್ಯ ವಿಷಯವಾಗಿ ಓದಿ ಎಂ.ಎ. ಪದವಿ ಪಡೆದನು. ಮುಂದಿನ ಏಳು ವರ್ಷ ಬೇರೆ ಬೇರೆ ಶಾಲೆಗಳಲ್ಲಿ ಪಾಠ ಹೇಳಿದನು. ಶಾಲೆಯ ಕೆಲಸದ ನಡುವೆಯೂ ಗಣಿತದ ಅಭ್ಯಾಸವನ್ನು ಬಿಡಲಿಲ್ಲ. ವಿಶ್ವವಿದ್ಯಾನಿಲಯವು ಸ್ಪರ್ಧೆಗೆ ಇಟ್ಟಿದ್ದ ಒಂದು ಪ್ರಶ್ನೆಗೆ ಬರೆದ ಉತ್ತರಕ್ಕಾಗಿ 1904ರಲ್ಲಿ ಮನ್ನಣೆ ಪಡೆದನು.

ಡೆನ್ಮಾರ್ಕಿನ ಗಣಿತಜ್ಞರ ಸಂಘದ ಸಭೆಗಳಿಗೆ ಎರ್ಲಾಂಗ್ ತಪ್ಪದೆ ಹೋಗುತ್ತಿದ್ದನು. ಅಲ್ಲಿ ಯೋಹಾನ್ ಯೆನ್ಸನ್ ಎಂಬವನ ಪರಿಚಯವಾಯಿತು. ಯೆನ್ಸನ್ ಹೊಟ್ಟೆಪಾಡಿಗೆ ಕೋಪನ್‌ಹೇಗನ್ ದೂರವಾಣಿ ಕಂಪನಿಯ ಮುಖ್ಯ ಇಂಜಿನಿಯರ್. ಬಿಡುವಿನ ವೇಳೆಯಲ್ಲಿ ಗಣಿತಜ್ಞ. ಅವನ ಹೆಸರಿನ ಅಸಮಾನತೆಯೊಂದನ್ನು ಇಂದಿಗೂ ಕಾಲೇಜುಗಳಲ್ಲಿ ಕಲಿಸುತ್ತಾರೆ. ಈ ಯೆನ್ಸನ್ ಕಂಪನಿಯ ವ್ಯವಸ್ಥಾಪಕ ನಿರ್ದೇಶಕ ಯೋಹಾನ್ಸನ್ ಎಂಬವನಿಗೆ ತರುಣ ಉಪಾಧ್ಯಾಯನನ್ನು ಪರಿಚಯಿಸಿದನು. ಯೋಹಾನ್ಸನ್ನನೂ ಸಾಮಾನ್ಯ ವ್ಯವಹಾರಸ್ಥನಲ್ಲ. ಕರೆ ಮಾಡಿದ ಗಿರಾಕಿ ಎಷ್ಟು ಹೊತ್ತು ಕಾಯಬೇಕಾಗುತ್ತದೆ ಎಂಬುದನ್ನು ಸಂಭವನೀಯತೆಯ ಗಣಿತದಿಂದ ಬಿಡಿಸಲು ತಾನೇ ಯತ್ನಿಸುತ್ತಿದ್ದನು. 1908ರಲ್ಲಿ ಎರ್ಲಾಂಗ್ ಶಾಲೆಯನ್ನು ಬಿಟ್ಟು ಆ ಕಂಪನಿಯನ್ನು ಸೇರಿದನು. ಗ್ರಹನಕ್ಷತ್ರಗಳ ಲೆಕ್ಕದಲ್ಲಿ ಮನಸ್ಸಿಟ್ಟವನು ಪೇಟೆಯ ಜನರ ಹರಟೆಯ ಲೆಕ್ಕಕ್ಕೆ ಇಳಿದನೆಂದು ಯಾರಾದರೂ ಮೂಗು ಮುರಿದಿರಬಹುದು. ನನ್ನ ಎಣಿಕೆಯಲ್ಲಿ ಅವನ ಬಾಳಿನ ದೊಡ್ಡ ತಿರುವು ಇದೇ.

ಆ ಕಾಲದ ದೂರವಾಣಿ ಕೇಂದ್ರವನ್ನು ಸ್ವಲ್ಪ ಕಲ್ಪಿಸಿಕೊಳ್ಳಿ. ಉದ್ದನೆಯ ಹಲಗೆಗಳಲ್ಲಿ ಸಾಲುಸಾಲಾಗಿ ತೂತುಗಳು. ಅವುಗಳ ಮುಂದೆ ಕುಳಿತ ಯುವತಿಯರು ಕರೆ ಬಂದಾಗ ಒಂದು ತೂತಿನಿಂದ ಇನ್ನೊಂದಕ್ಕೆ ಹುರಿ ಸಿಕ್ಕಿಸಿ ಇಬ್ಬರನ್ನು ಕೂಡಿಸುತ್ತಿದ್ದರು. ಒಂದು ಬಡಾವಣೆಯಲ್ಲಿ ನೂರು ಮನೆಗಳಿಗೆ ದೂರವಾಣಿ ಇದ್ದರೆ ಆ ಬಡಾವಣೆಯಿಂದ ಹೊರಕ್ಕೆ ನೂರು ತಂತಿಗಳನ್ನು ಎಳೆಯುವವರಿಲ್ಲ. ಎಲ್ಲರೂ ಒಮ್ಮೆಗೇ ಮಾತನಾಡುವುದಿಲ್ಲ. ಅಷ್ಟು ತಾಮ್ರ ವ್ಯರ್ಥ. ಐದೇ ತಂತಿಗಳನ್ನು ಎಳೆದರೆ ಜನ ಶಪಿಸುತ್ತಾರೆ. ಈ ಎರಡರ ನಡುವೆ ಸರಿಯಾದ ಸಂಖ್ಯೆ ಯಾವುದು? ಅಲ್ಲಿಯವರೆಗೆ ಅನುಭವಸ್ಥರು ಅಂದಾಜಿನಿಂದ ಹೇಳುತ್ತಿದ್ದರು.

ಎರ್ಲಾಂಗ್ ಮೊದಲು ಕೇಳಿಕೊಂಡ ಪ್ರಶ್ನೆ ಕರೆಗಳು ಹೇಗೆ ಬರುತ್ತವೆ ಎಂಬುದು. ತೆಂಗಿನ ತೋಟದಲ್ಲಿ ಒಣಕಾಯಿ ಯಾವ ಗಳಿಗೆಯಲ್ಲಿ ಬೀಳುವುದೆಂದು ಯಾರೂ ಹೇಳಲಾರರು. ಆದರೂ ವಾರಕ್ಕೆ ಸುಮಾರು ಎಷ್ಟು ಬೀಳುವುವೆಂದು ತೋಟದವನು ಬಲ್ಲನು. ಕರೆಗಳೂ ಹಾಗೆಯೇ. ಒಬ್ಬನಿಗೂ ಇನ್ನೊಬ್ಬನಿಗೂ ಸಂಬಂಧವಿಲ್ಲದೆ, ತಮತಮಗೆ ತೋಚಿದಾಗ ಜನ ದೂರವಾಣಿಯನ್ನು ಎತ್ತುತ್ತಾರೆ. ಬಿಡಿಯಾಗಿ ನೋಡಿದರೆ ನಿಯಮವಿಲ್ಲ. ಒಟ್ಟಾಗಿ ನೋಡಿದರೆ ಉಂಟು. ಫ್ರಾನ್ಸಿನ ಪ್ವಾಸೋನ್ ಎಂಬ ಗಣಿತಜ್ಞ ಹಿಂದಿನ ಶತಮಾನದಲ್ಲಿಯೇ ಕೊಟ್ಟಿದ್ದ ಸೂತ್ರವು ಇಂತಹ ಕರೆಗಳಿಗೆ ಸರಿಯಾಗಿ ಹೊಂದುತ್ತದೆಂದು 1909ರಲ್ಲಿ ಪ್ರಕಟವಾದ ತನ್ನ ಲೇಖನದಲ್ಲಿ ಎರ್ಲಾಂಗ್ ತೋರಿಸಿದನು.

ಅವನು ಕೋಣೆಯಲ್ಲಿ ಕುಳಿತು ಕಾಗದ ತುಂಬುವ ಪಂಡಿತನಷ್ಟೇ ಆಗಿರಲಿಲ್ಲ. ಮೊದಮೊದಲು ಅವನಿಗೆ ಪ್ರಯೋಗಾಲಯದ ಸಹಾಯಕರಿರಲಿಲ್ಲ. ಭೂಮಿಯೊಳಗಿನ ಕೇಬಲ್ಲುಗಳಿಗೆ ಹಾನಿ ಮಾಡುವ ಅಲೆಮಾರಿ ವಿದ್ಯುತ್ ಪ್ರವಾಹಗಳನ್ನು ಅಳೆಯುವ ಕೆಲಸವೂ ಅವನ ಪಾಲಿಗೆ ಬಂದಿತ್ತು. ಏಣಿ ಹೊತ್ತ ಒಬ್ಬ ಕೆಲಸಗಾರನನ್ನು ಜತೆಗೆ ಕರೆದುಕೊಂಡು ಈ ಎಂ.ಎ. ಪದವೀಧರ ಕೋಪನ್‌ಹೇಗನ್ನಿನ ಬೀದಿಗಳಲ್ಲಿ ನಡೆದು, ಮ್ಯಾನ್‌ಹೋಲುಗಳಲ್ಲಿ ಇಳಿದು ಏರುತ್ತಿದ್ದುದನ್ನು ಜನ ನೋಡುತ್ತಿದ್ದರು.

1917ರಲ್ಲಿ ಅವನ ಮುಖ್ಯ ಲೇಖನ ಹೊರಬಂದಿತು. ಅದರ ಸಾರವನ್ನು ಒಂದು ಉದಾಹರಣೆಯಿಂದ ತಿಳಿಯೋಣ. ಪೆನ್ಸಿಲು ಹಿಡಿದು ಓದಿದರೆ ಒಳ್ಳೆಯದು. ಒಂದು ಗಂಟೆಯಲ್ಲಿ 100 ಕರೆಗಳು ಬರುತ್ತವೆ, ಸರಾಸರಿ ಒಂದೊಂದೂ 3 ನಿಮಿಷದ್ದು ಎಂದಿಟ್ಟುಕೊಳ್ಳಿ. ಒಟ್ಟು ಮಾತು 300 ನಿಮಿಷ, ಅಂದರೆ 5 ಗಂಟೆ. ಒಂದು ತಂತಿ ಒಂದು ಗಂಟೆಯಲ್ಲಿ ಒಂದು ಗಂಟೆಯ ಮಾತನ್ನು ಒಯ್ಯಬಲ್ಲದು. ಹಾಗಾದರೆ 5 ತಂತಿಗಳು ಸಾಕಲ್ಲವೆ? ಭಾಗಾಕಾರ ಬಲ್ಲ ಯಾರಾದರೂ ಹೌದೆನ್ನುವರು. ಎರ್ಲಾಂಗನ ಸೂತ್ರ ಅಲ್ಲವೆನ್ನುತ್ತದೆ. 5 ತಂತಿಗಳಿದ್ದರೆ 100ರಲ್ಲಿ ಸುಮಾರು 28 ಕರೆಗಳಿಗೆ ತಂತಿಯೇ ಸಿಕ್ಕುವುದಿಲ್ಲ. ಇನ್ನೂ ವಿಚಿತ್ರವೆಂದರೆ, ಅಷ್ಟು ಜನ ನಿರಾಶರಾಗಿ ಹಿಂದಿರುಗುವ ಅದೇ ಗಂಟೆಯಲ್ಲಿ ತಂತಿಗಳು ತಮ್ಮ ವೇಳೆಯ ನೂರಕ್ಕೆ 28 ಪಾಲನ್ನು ಸುಮ್ಮನೆ ಕಳೆದಿರುತ್ತವೆ. ಕಾರಣವಿಷ್ಟೇ: ಜನ ಸಮನಾಗಿ ಬರುವುದಿಲ್ಲ. ಹತ್ತು ನಿಮಿಷ ಯಾರೂ ಇಲ್ಲ. ಮರುಕ್ಷಣ ಎಂಟು ಮಂದಿ. ಖಾಲಿಯಾಗಿ ಕಳೆದ ನಿಮಿಷವನ್ನು ಕೂಡಿಟ್ಟು ಆಮೇಲೆ ಬಳಸುವಂತಿಲ್ಲ.

ತಂತಿಗಳು 10 ಆದರೆ ವಿಫಲ ಕರೆಗಳು 100ಕ್ಕೆ ಎರಡಕ್ಕಿಂತ ಕಡಿಮೆ. 11 ಆದರೆ ಒಂದಕ್ಕಿಂತ ಕಡಿಮೆ. ಈಗ ಊರು ಬೆಳೆದು ಮಾತು ಹತ್ತುಪಟ್ಟಾಯಿತೆನ್ನಿ, 50 ಗಂಟೆಗಳಷ್ಟು. 110 ತಂತಿಗಳು ಬೇಕೆಂದು ತೋರುತ್ತದೆ. ಇಲ್ಲ, 64 ತಂತಿಗಳಲ್ಲಿಯೇ ನೂರರಲ್ಲಿ ತೊಂಬತ್ತೊಂಬತ್ತು ಜನರಿಗೆ ಸಂಪರ್ಕ ದೊರೆಯುತ್ತದೆ. ಗುಂಪು ಹಿರಿದಾದಷ್ಟೂ ಒಬ್ಬನ ಏರು ಇನ್ನೊಬ್ಬನ ಇಳಿವಿನಲ್ಲಿ ಅಡಗುತ್ತದೆ. ಅಕ್ಕಪಕ್ಕದ ಎರಡು ಬಡಾವಣೆಗಳು ತಲಾ 11ರಂತೆ 22 ತಂತಿಗಳನ್ನು ಬೇರೆ ಬೇರೆ ಇಟ್ಟುಕೊಳ್ಳುವ ಬದಲು ಒಂದುಗೂಡಿದರೆ 18 ಸಾಕು. ಕೂಡಿ ಬಳಸುವುದರಿಂದ ಇಂತಿಷ್ಟು ಲಾಭವೆಂದು ಹೀಗೆ ಅಂಕೆಯಲ್ಲಿ ತೋರಿಸಿದ್ದು ಎರ್ಲಾಂಗನ ದೊಡ್ಡ ಸಾಧನೆ.

ಅದೇ ಲೇಖನದಲ್ಲಿ ಇನ್ನೊಂದು ಸೂತ್ರವಿದೆ. ತಂತಿ ಸಿಕ್ಕದವನು ಹಿಂದಿರುಗದೆ ಸರದಿಯಲ್ಲಿ ನಿಂತರೆ ಎಷ್ಟು ಕಾಯಬೇಕೆಂಬುದನ್ನು ಅದು ತಿಳಿಸುತ್ತದೆ. ಒಂದೇ ಕಿಟಕಿಯಿದೆ, ಒಬ್ಬೊಬ್ಬರ ಕೆಲಸಕ್ಕೆ ಸರಾಸರಿ ಒಂದು ನಿಮಿಷ ಹಿಡಿಯುತ್ತದೆ, ಜನ ಬರುವ ವೇಳೆಗೂ ಅವರ ಕೆಲಸದ ಅವಧಿಗೂ ಗೊತ್ತುಪಾಡಿಲ್ಲ ಎಂದುಕೊಳ್ಳಿ. ಕಿಟಕಿ ತನ್ನ ವೇಳೆಯ ಅರ್ಧ ಭಾಗ ಮಾತ್ರ ದುಡಿಯುತ್ತಿದ್ದರೆ, ಬಂದವನು ಕಾದು ಕೆಲಸ ಮುಗಿಸಿ ಹೋಗಲು ಸರಾಸರಿ 2 ನಿಮಿಷ. ನೂರಕ್ಕೆ 90 ಭಾಗ ದುಡಿಯುತ್ತಿದ್ದರೆ 10 ನಿಮಿಷ. 95 ಆದರೆ 20. ಹೊರೆ ಹೆಚ್ಚಿದ್ದು ಐದೇ ಭಾಗ, ಕಾಯುವಿಕೆ ಇಮ್ಮಡಿ. ನಮ್ಮ ಜಗಲಿಯಲ್ಲಿ ಆ ರಾತ್ರಿ ಕಳೆದ ಹದಿಮೂರು ಗಂಟೆಗಳು ಈ ಏರುದಾರಿಯ ತುದಿಯಲ್ಲೆಲ್ಲೋ ಇದ್ದವು.

ಈ ಸೂತ್ರಗಳು ಡೇನಿಶ್ ಭಾಷೆಯಲ್ಲಿದ್ದರೂ ಬೇಗನೆ ದೇಶಾಂತರಕ್ಕೆ ಹಬ್ಬಿದವು. ಬ್ರಿಟನ್ನಿನ ಅಂಚೆ ಇಲಾಖೆ ತನ್ನ ದೂರವಾಣಿ ಮಂಡಲಗಳ ಲೆಕ್ಕಕ್ಕೆ ಅವನ ಸೂತ್ರವನ್ನು ಆಧಾರವಾಗಿ ಒಪ್ಪಿಕೊಂಡಿತು. ಅಮೆರಿಕದ ಬೆಲ್ ಪ್ರಯೋಗಾಲಯದ ಒಬ್ಬ ಸಂಶೋಧಕ ಎರ್ಲಾಂಗನ ಲೇಖನಗಳನ್ನು ಮೂಲದಲ್ಲಿ ಓದುವುದಕ್ಕಾಗಿಯೇ ಡೇನಿಶ್ ಕಲಿತನೆಂದು ಹೇಳುತ್ತಾರೆ. ಎರ್ಲಾಂಗನ ಬರವಣಿಗೆ ಬಹು ಸಂಕ್ಷಿಪ್ತ. ಕೆಲವೆಡೆ ಸಾಧನೆಯ ಹಂತಗಳನ್ನು ಬಿಟ್ಟು ಫಲವನ್ನಷ್ಟೇ ಕೊಡುತ್ತಾನೆ. ಉಪಾಧ್ಯಾಯನಾಗಿದ್ದವನು ಹೀಗೆ ಮಾಡಬಾರದಿತ್ತೆಂದು ನನಗೆ ಅನ್ನಿಸುವುದುಂಟು.

ಎರ್ಲಾಂಗ್ ಮದುವೆಯಾಗಲಿಲ್ಲ. ಸಂಪಾದನೆಯ ಬಹುಭಾಗ ಪುಸ್ತಕಗಳಿಗೆ ಹೋಗುತ್ತಿತ್ತು. ಗಣಿತ, ಖಗೋಳ, ಭೌತಶಾಸ್ತ್ರಗಳ ದೊಡ್ಡ ಸಂಗ್ರಹ ಅವನಲ್ಲಿತ್ತು. ಲಾಗರಿದಂ ಕೋಷ್ಟಕಗಳನ್ನೂ ಸಿದ್ಧಪಡಿಸಿದ್ದನು. ತನ್ನ ವಿಚಾರ ಹೇಳಿಕೊಳ್ಳದ ಅವನನ್ನು ಗೆಳೆಯರು ಖಾಸಗಿ ಮನುಷ್ಯನೆಂದು ಕರೆಯುತ್ತಿದ್ದರು. ಆದರೆ ಬಡವರಿಗೆ ಅವನ ಕಚೇರಿಯ ಬಾಗಿಲು ಗೊತ್ತಿತ್ತು. ಕಷ್ಟದಲ್ಲಿದ್ದವರು ಅಲ್ಲಿಗೇ ಬಂದು ಕೇಳುತ್ತಿದ್ದರು. ಇತರರ ಕಣ್ಣಿಗೆ ಬೀಳದಂತೆ ಅವನು ಹಣ ಕೊಟ್ಟು ಕಳುಹಿಸುತ್ತಿದ್ದನು. ಸುಮಾರು ಇಪ್ಪತ್ತು ವರ್ಷಗಳ ಸೇವೆಯಲ್ಲಿ ಕಾಯಿಲೆಯೆಂದು ಒಂದು ದಿನವೂ ರಜೆ ಹಾಕಿರಲಿಲ್ಲ. 1929ರ ಜನವರಿಯಲ್ಲಿ ಹೊಟ್ಟೆಯ ಶಸ್ತ್ರಚಿಕಿತ್ಸೆಗಾಗಿ ಆಸ್ಪತ್ರೆ ಸೇರಿದವನು ಮರಳಿ ಬರಲಿಲ್ಲ. ಫೆಬ್ರವರಿ 3ರ ಭಾನುವಾರ ತೀರಿಕೊಂಡನು. ಆಗ ಅವನಿಗೆ 51 ವರ್ಷ.

1946ರಲ್ಲಿ ಸ್ವಿಟ್ಜರ್ಲೆಂಡಿನ ಮಾಂತ್ರೋ ನಗರದಲ್ಲಿ ಸೇರಿದ ಅಂತರರಾಷ್ಟ್ರೀಯ ದೂರವಾಣಿ ಸಮಿತಿಯು ದೂರವಾಣಿ ಸಂಚಾರದ ಅಳತೆಗೆ ಎರ್ಲಾಂಗ್ ಎಂದು ಹೆಸರಿಟ್ಟಿತು. ಒಂದು ತಂತಿ ಎಡೆಬಿಡದೆ ಬಳಕೆಯಲ್ಲಿದ್ದರೆ ಅದರ ಹೊರೆ ಒಂದು ಎರ್ಲಾಂಗ್. ನಮ್ಮ ಉದಾಹರಣೆಯ ಹೊರೆ 5 ಎರ್ಲಾಂಗ್.

ನಮ್ಮ ನಾಡಿಗೂ ಈ ಲೆಕ್ಕ ಬಂದಿತು. 1948ರಲ್ಲಿ ಬೆಂಗಳೂರಿನಲ್ಲಿ ಇಂಡಿಯನ್ ಟೆಲಿಫೋನ್ ಇಂಡಸ್ಟ್ರೀಸ್ ಕಾರ್ಖಾನೆ ಸ್ಥಾಪನೆಯಾಗಿ, ಅದರ ಸುತ್ತಲಿನ ಊರಿಗೆ ದೂರವಾಣಿನಗರವೆಂಬ ಹೆಸರೇ ನಿಂತಿತು. 1984ರಲ್ಲಿ ಹುಟ್ಟಿದ ಸಿ-ಡಾಟ್ ಸಂಸ್ಥೆಯು ಹಳ್ಳಿಗಳಿಗಾಗಿ ರೂಪಿಸಿದ ಪುಟ್ಟ ಸ್ವಯಂಚಾಲಿತ ಕೇಂದ್ರಗಳಲ್ಲಿ ಮೊದಲನೆಯದನ್ನು 1986ರಲ್ಲಿ ಸ್ಥಾಪಿಸಿದ್ದು ಚೆನ್ನಮ್ಮನ ಕಿತ್ತೂರಿನಲ್ಲಿ. ಇಂತಹ ಯಾವ ಕೇಂದ್ರವನ್ನು ಕಟ್ಟುವಾಗಲೂ ಇಂಜಿನಿಯರ್ ಮೊದಲು ಕೇಳುವುದು ಹೊರೆ ಎಷ್ಟು ಎರ್ಲಾಂಗ್ ಎಂದೇ.

ಇಂದು ತಂತಿಯಲ್ಲಿ ಹರಿಯುವುದು ಬರಿಯ ಮಾತಲ್ಲ. ಸಂಜೆ ಎಂಟರ ಹೊತ್ತಿಗೆ ಮಂಗಳೂರಿನಲ್ಲಿ ಒಂದು ಮನೆಯವರು ಚಲನಚಿತ್ರ ನೋಡುತ್ತಿರುತ್ತಾರೆ, ಇನ್ನೊಂದು ಮನೆಯವರು ಕೊಲ್ಲಿ ದೇಶದಲ್ಲಿರುವ ಮಗನ ಮುಖ ನೋಡಿ ಮಾತನಾಡುತ್ತಿರುತ್ತಾರೆ, ಮೂರನೆಯವನು ದೊಡ್ಡ ಕಡತವೊಂದನ್ನು ಇಳಿಸಿಕೊಳ್ಳುತ್ತಿರುತ್ತಾನೆ. ಇವೆಲ್ಲವೂ ಪ್ಯಾಕೆಟ್ ಎಂಬ ಚಿಕ್ಕ ಚಿಕ್ಕ ತುಂಡುಗಳಾಗಿ ರೂಟರ್ ಎಂಬ ಯಂತ್ರದ ಮೂಲಕ ಹಾಯುತ್ತವೆ. ರೂಟರಿನೊಳಗೆ ಸರದಿಯ ಸಾಲುಗಳಿವೆ. ಸಾಲು ತುಂಬಿದರೆ ಬಂದ ಪ್ಯಾಕೆಟ್ಟನ್ನು ಬಿಸಾಡಬೇಕಾಗುತ್ತದೆ. 1986ರ ಅಕ್ಟೋಬರಿನಲ್ಲಿ ಅಮೆರಿಕದ ಬರ್ಕಲಿಯಲ್ಲಿ ಕೇವಲ 400 ಗಜ ಅಂತರದ ಎರಡು ಕಟ್ಟಡಗಳ ನಡುವೆ ಸೆಕೆಂಡಿಗೆ 32,000 ಬಿಟ್ ಸಾಗಬೇಕಾಗಿದ್ದ ಹಾದಿಯಲ್ಲಿ 40 ಬಿಟ್ ಮಾತ್ರ ಸಾಗತೊಡಗಿತು. ಕಳೆದುಹೋದ ಪ್ಯಾಕೆಟ್ಟುಗಳನ್ನು ಎಲ್ಲ ಯಂತ್ರಗಳೂ ಅವಸರದಿಂದ ಮತ್ತೆ ಮತ್ತೆ ಕಳುಹಿಸಿ ಸಾಲನ್ನು ಇನ್ನಷ್ಟು ಬೆಳೆಸಿದ್ದವು. ದಟ್ಟಣೆ ಕಂಡೊಡನೆ ಕಳುಹಿಸುವವನೇ ವೇಗ ತಗ್ಗಿಸಬೇಕೆಂಬ ಕಟ್ಟಳೆ ಆಮೇಲೆ ಬಂದಿತು.

ರೂಟರಿನಲ್ಲಿಯೂ ಕಟ್ಟಳೆಗಳುಂಟು. ಮಾತಿನ ಪ್ಯಾಕೆಟ್ಟುಗಳಿಗೆ ಮೊದಲ ಸಾಲು, ದೊಡ್ಡ ಕಡತಗಳಿಗೆ ಹಿಂದಿನ ಸಾಲು. ಟ್ರಂಕ್ ಕಾಲಿನ ಮೂರು ದರ್ಜೆಗಳು ಹೊಸ ವೇಷದಲ್ಲಿ ಬಂದಿವೆ. ಒಬ್ಬನ ಹರಿವು ಉಕ್ಕಿದಾಗ ಅದನ್ನು ತಡೆದು ನಿಧಾನವಾಗಿ ಬಿಡುವ ಕ್ರಮವೂ ಇದೆ. ಮಳೆಗಾಲದಲ್ಲಿ ಹೆಂಚಿನ ಸೂರಿನಿಂದ ಸುರಿಯುವ ನೀರಿಗೆ ತಳದಲ್ಲಿ ತೂತುಳ್ಳ ಕೊಪ್ಪರಿಗೆ ಇಟ್ಟರೆ, ಮೇಲಿನಿಂದ ಎಷ್ಟು ರಭಸವಾಗಿ ಬಿದ್ದರೂ ಕೆಳಗೆ ಹರಿಯುವುದು ಒಂದೇ ಮಿತಿಯಲ್ಲಿ. ಕೊಪ್ಪರಿಗೆ ತುಂಬಿದ ಮೇಲೆ ಬಂದದ್ದು ಹೊರಕ್ಕೆ ಚೆಲ್ಲುತ್ತದೆ. ಹತ್ತು ಮಂದಿ ಬಳಕೆದಾರರಿಗೆ ಹೀಗೆ ಹತ್ತು ಕೊಪ್ಪರಿಗೆ ಇಡುವುದು ಸುಲಭ. ಹತ್ತು ಸಾವಿರ ಮಂದಿಗೆ ಕಷ್ಟ. ಸೆಕೆಂಡಿಗೆ 1000 ಕೋಟಿ ಬಿಟ್ ಸಾಗಿಸುವ ಹಾದಿಯಲ್ಲಿ 1500 ಬೈಟಿನ ಒಂದು ಪ್ಯಾಕೆಟ್ ದಾಟಿಹೋಗಲು ಸೆಕೆಂಡಿನ ಹತ್ತು ಲಕ್ಷದಲ್ಲೊಂದು ಭಾಗಕ್ಕಿಂತ ತುಸು ಹೆಚ್ಚು ಸಾಕು. ಅಷ್ಟರೊಳಗೆ ಅದು ಯಾರದು, ಯಾವ ಸಾಲಿಗೆ ಸೇರಿದ್ದು ಎಂದು ಯಂತ್ರ ತೀರ್ಮಾನಿಸಬೇಕು. ಆದುದರಿಂದ ಒಬ್ಬೊಬ್ಬರ ಮಿತಿಯನ್ನು ಮನೆಗಳಿಗೆ ಹತ್ತಿರದ ಚಿಕ್ಕ ಯಂತ್ರಗಳಲ್ಲಿ ನೋಡಿಕೊಂಡು, ನಡುವಿನ ದೊಡ್ಡ ರೂಟರಿನಲ್ಲಿ ಕೆಲವೇ ವರ್ಗಗಳನ್ನು ಇಡುವುದು ವಾಡಿಕೆ.

ಎರ್ಲಾಂಗನ ಸೂತ್ರ ಇಲ್ಲಿ ಹಾಗೆಯೇ ಹೊಂದುವುದಿಲ್ಲವೆಂಬುದನ್ನೂ ಹೇಳಬೇಕು. ಅಮೆರಿಕದ ಬೆಲ್‌ಕೋರ್ ಸಂಸ್ಥೆಯ ಸಂಶೋಧಕರು ಗಣಕಜಾಲದ ಹರಿವನ್ನು ವರ್ಷಗಟ್ಟಲೆ ಅಳೆದು 1994ರಲ್ಲಿ ಪ್ರಕಟಿಸಿದ ಲೇಖನದಲ್ಲಿ, ಪ್ಯಾಕೆಟ್ಟುಗಳು ಒಣಕಾಯಿಯಂತೆ ಬಿಡಿಬಿಡಿಯಾಗಿ ಬೀಳದೆ ಗೊಂಚಲು ಗೊಂಚಲಾಗಿ ಬರುತ್ತವೆಂದು ತೋರಿಸಿದರು. ಸೆಕೆಂಡಿನ ಲೆಕ್ಕದಲ್ಲಿ ನೋಡಿದರೂ ಗಂಟೆಯ ಲೆಕ್ಕದಲ್ಲಿ ನೋಡಿದರೂ ಆ ಗೊಂಚಲುಗಳು ಕರಗುವುದಿಲ್ಲ. ಆದುದರಿಂದ ಇಂದಿನ ಇಂಜಿನಿಯರರು ಎರ್ಲಾಂಗ್ ಹೇಳಿದುದಕ್ಕಿಂತಲೂ ಹೆಚ್ಚು ಜಾಗವನ್ನು ಖಾಲಿ ಬಿಡುತ್ತಾರೆ. ಧ್ವನಿಕರೆಗಳಿಗೆ ಮಾತ್ರ ಹಳೆಯ ಸೂತ್ರವೇ ಈಗಲೂ ನಡೆದಿದೆ.

1986ರಲ್ಲಿ ಸ್ವೀಡನ್ನಿನ ಎರಿಕ್ಸನ್ ಕಂಪನಿಯ ಪ್ರಯೋಗಾಲಯದಲ್ಲಿ ದೂರವಾಣಿ ಕೇಂದ್ರಗಳಿಗಾಗಿ ಒಂದು ಗಣಕಭಾಷೆ ರೂಪುಗೊಂಡಿತು. ಲಕ್ಷಾಂತರ ಸಂಭಾಷಣೆಗಳನ್ನು ಏಕಕಾಲಕ್ಕೆ ನಿಭಾಯಿಸಬಲ್ಲ ಆ ಭಾಷೆಗೆ ಎರ್ಲಾಂಗ್ ಎಂದೇ ಹೆಸರು. ಎರಿಕ್ಸನ್ ಭಾಷೆ ಎಂಬುದರ ಸಂಕ್ಷೇಪವೂ ಅದೇ ಆಗುತ್ತದೆಂದು ವಿನೋದವಾಗಿ ಹೇಳುವುದುಂಟು. ವಾಟ್ಸ್‌ಆಪಿನ ಸರ್ವರುಗಳನ್ನು ಬರೆದದ್ದು ಈ ಭಾಷೆಯಲ್ಲಿಯೇ. ಮೊನ್ನೆ ನಮ್ಮ ಅಣ್ಣ, ಈಗ ಎಂಬತ್ತರ ಮುದುಕ, ಅದರಲ್ಲಿಯೇ ಮುಂಬಯಿಯಿಂದ ಕರೆದು ಅರ್ಧ ಗಂಟೆ ಮಾತನಾಡಿದನು. ಮೂರು ನಿಮಿಷವಾಯಿತೆಂದು ನಡುವೆ ಯಾರೂ ಎಚ್ಚರಿಸಲಿಲ್ಲ.